ದೂತನು ಉಳಿದ, ಸಂದೇಶ ಕಳೆದುಹೋಯಿತು

ನಮ್ಮ ಸಭೆಯ ಸಂಡೇ ಸ್ಕೂಲ್ ಮಕ್ಕಳಿಗೆ ಕ್ರಿಸ್ಮಸ್ ನಾಟಕ ಕಲಿಸುತ್ತಿದ್ದಾಗ, ಕುರುಬನ ಪಾತ್ರ ವಹಿಸಿದ್ದ ಒಬ್ಬ ಹುಡುಗ ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದ. ದೇವದೂತನು ಎದುರಿಗೆ ಬಂದು ನಿಂತಾಗ ಕುರುಬರು ಬಹಳವಾಗಿ ಹೆದರಿದರೆಂದು ಲೂಕನು ಬರೆದಿದ್ದಾನೆ, ಆ ಭಯ ನಿನ್ನ ಮುಖದಲ್ಲಿ ಕಾಣಬೇಕು ಎಂದು ನಾನು ಅವನಿಗೆ ಹೇಳಿದ್ದೆ. ಅವನು, "ಅಂಕಲ್, ಏಂಜೆಲ್ ನೋಡಿದ್ರೆ ಖುಷಿ ಆಗ್ಬೇಕಲ್ವಾ? ಯಾಕೆ ಹೆದರ್ಕೋಬೇಕು?" ಎಂದ. ಅವನ ಪ್ರಶ್ನೆಯಲ್ಲಿ ತುಂಟತನವಿರಲಿಲ್ಲ. ಅವನು ಇಂದಿನವರೆಗೆ ಪರದೆಯ ಮೇಲೆ ನೋಡಿದ ಯಾವ ದೇವದೂತನೂ ಹೆದರಿಕೆ ಹುಟ್ಟಿಸುವಂಥವನಾಗಿರಲಿಲ್ಲ. ಬಿಳಿಯ ಗರಿ, ತಲೆಯ ಮೇಲೊಂದು ಹೊಳೆಯುವ ಬಳೆ, ಕಿನ್ನರಿ ಕಥೆಯ ನಗುಮುಖ; ದೇವದೂತನೆಂದರೆ ಅವನಿಗೆ ಅಷ್ಟೇ. ಆ ಸಂಜೆಯಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವದೂತರು ಕಾಣಿಸಿಕೊಂಡ ಕಡೆಗಳಲ್ಲಿ ಬಹುಪಾಲು ಮೊದಲು ಕೇಳಿಬರುವುದು "ಹೆದರಬೇಡ" ಎಂಬ ಮಾತು. ದೇವದೂತನಾದ ಗಬ್ರಿಯೇಲನು ಜಕರೀಯನಿಗೂ ಮರಿಯಳಿಗೂ ಅದನ್ನೇ ಹೇಳಬೇಕಾಯಿತು. ದಾನಿಯೇಲನು ಅಂಥದೊಂದು ದರ್ಶನವನ್ನು ಕಂಡಾಗ ಅವನ ಶಕ್ತಿಯೆಲ್ಲ ಕುಂದಿ, ಮುಖ ನೆಲಕ್ಕೆ ತಗಲುವಂತೆ ಬಿದ್ದನು. ಯೇಸುವಿನ ಸಮಾಧಿಯನ್ನು ಕಾಯುತ್ತಿದ್ದ ಕಾವಲುಗಾರರು ಸತ್ತವರಂತಾದರು ಎಂದು ಮತ್ತಾಯನು ಬರೆಯುತ್ತಾನೆ. ಇದು ಭೂತವನ್ನು ಕಂಡ ಭಯವಲ್ಲ. ದೇವರ ಸನ್ನಿಧಿಯಿಂದ ಈಗತಾನೆ ಹೊರಟು ಬಂದವನ ಮುಂದೆ ಪಾಪಿಯಾದ ಮನುಷ್ಯನು ನಿಂತಾಗ ಆಗುವ ನಡುಕ ಅದು. ಹುಡುಗನಿಗೆ ನಾನು ಇದನ್ನೇ ಸರಳವಾಗಿ ಹೇಳಿದೆ: ಅವರು ದೂತನಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ, ಅವರ ಸುತ್ತಲೂ ಪ್ರಕಾಶಿಸಿದ ಕರ್ತನ ಮಹಿಮೆಗೆ ಹೆದರಿದರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಎಲ್ಲ ದೂತರೂ ಮಿಂಚಿನಂತೆ ಬರಲಿಲ್ಲ. ಅಬ್ರಹಾಮನ ಗುಡಾರದ ಮುಂದೆ ನಿಂತವರು ದಾರಿಹೋಕರಂತಿದ್ದರು, ಲೋಟನ ಮನೆಗೆ ಬಂದವರು ಅತಿಥಿಗಳಂತಿದ್ದರು, ತನ್ನೊಡನೆ ಮಾತನಾಡಿದವನು ಯಾರೆಂದು ಗಿದ್ಯೋನನಿಗೆ ತಿಳಿದದ್ದು ಬಂಡೆಯಿಂದ ಬೆಂಕಿ ಎದ್ದು ಕಾಣಿಕೆಯನ್ನು ದಹಿಸಿದ ಮೇಲೆಯೇ. ಕೆಲವರು ತಿಳಿಯದೆಯೇ ದೇವದೂತರನ್ನು ಸತ್ಕರಿಸಿದ್ದಾರೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆದ್ದರಿಂದ ಸಿನಿಮಾದ ದೇವದೂತ ಕೋಟು ತೊಟ್ಟು ರಸ್ತೆಯಲ್ಲಿ ನಡೆದುಬಂದರೆ ನನಗೆ ಆಕ್ಷೇಪವಿಲ್ಲ. ನನ್ನ ದುಃಖ ಅವನ ವೇಷದ ಬಗ್ಗೆ ಅಲ್ಲ. ಅವನನ್ನು ಕಳುಹಿಸಿದವನು ಯಾರು, ಅವನು ತಂದ ಮಾತು ಯಾವುದು ಎಂಬ ಎರಡು ಪ್ರಶ್ನೆಗಳಿಗೆ ಈ ಕಥೆಗಳಲ್ಲಿ ಉತ್ತರ ಸಿಗದಿರುವುದೇ ನನ್ನ ದುಃಖ. ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ಮೂಲ ಪದಗಳಿಗೆ ಸಂದೇಶ ಒಯ್ಯುವವನು ಎಂದೇ ಅರ್ಥ, ನಮ್ಮ ಕನ್ನಡದ "ದೂತ" ಎಂಬ ಪದವೂ ಆ ಅರ್ಥವನ್ನು ಅಚ್ಚುಕಟ್ಟಾಗಿ ಹಿಡಿದುಕೊಂಡಿದೆ. ದೂತ ಎಂಬುದು ಅವರ ಕೆಲಸದ ಹೆಸರು, ಅವರ ಸ್ವಭಾವದ ಹೆಸರು ಆತ್ಮ ಎಂದು ಸಂತ ಅಗಸ್ಟೀನನು ಬಹಳ ಹಿಂದೆಯೇ ಬೋಧಿಸಿದ್ದನು. ಕಳುಹಿಸಿದವನೇ ಇಲ್ಲದಿದ್ದರೆ ದೂತನೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಈ ತಪ್ಪನ್ನೆಲ್ಲ ಸಿನಿಮಾದವರ ತಲೆಗೆ ಕಟ್ಟುವುದು ಸರಿಯಲ್ಲ. ಅವರಿಗಿಂತ ಮೊದಲೇ ಕ್ರೈಸ್ತ ಕಲೆಯೇ ಆ ದಾರಿಯಲ್ಲಿ ನಡೆದಿತ್ತು. ರೋಮಿನ ಪ್ರಿಸಿಲ್ಲಾ ಭೂಗತ ಸಮಾಧಿಗಳಲ್ಲಿ ಮರಿಯಳಿಗೆ ಶುಭವಾರ್ತೆ ತಿಳಿಸುವ ದೃಶ್ಯವೆಂದು ಗುರುತಿಸಲಾಗಿರುವ ಪುರಾತನ ಚಿತ್ರದಲ್ಲಿ ದೂತನಿಗೆ ರೆಕ್ಕೆಗಳೇ ಇಲ್ಲ. ಕ್ರೈಸ್ತ ಕಲೆಯಲ್ಲಿ ದೂತರಿಗೆ ರೆಕ್ಕೆ ಮೂಡಿದ್ದು ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ. ಪುನರುಜ್ಜೀವನ ಕಾಲದ ಚಿತ್ರಕಾರರು ಪ್ರಾಚೀನ ರೋಮಿನ ಪ್ರೇಮದೇವತೆಯ ಮಗುರೂಪವನ್ನು ತಂದು ದೇವರ ಸಿಂಹಾಸನದ ಸುತ್ತ ಕೂರಿಸಿದರು. ರಾಫೆಲನು ಸುಮಾರು 1512ರಲ್ಲಿ ಬರೆದ, ಈಗ ಡ್ರೆಸ್ಡೆನ್ ನಗರದಲ್ಲಿರುವ ಮಾತೆ ಮರಿಯಳ ಚಿತ್ರದ ಕೆಳತುದಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕುಳಿತ ಎರಡು ಮುದ್ದು ಮಕ್ಕಳನ್ನು ಲೋಕವೆಲ್ಲ ಬಲ್ಲದು, ಅವರ ಮೇಲುಗಡೆ ಮರಿಯಳ ತೋಳಿನಲ್ಲಿರುವ ಕ್ರಿಸ್ತನನ್ನು ಮಾತ್ರ ಕತ್ತರಿಸಿ ಬಿಟ್ಟು ಗ್ರೀಟಿಂಗ್ ಕಾರ್ಡುಗಳಲ್ಲಿ ಅಚ್ಚುಹಾಕಲಾಗುತ್ತದೆ. ಏದೆನ್ ತೋಟದ ದಾರಿಯನ್ನು ಕಾಯಲು ಪ್ರಜ್ವಲಿಸುವ ಕತ್ತಿಯೊಡನೆ ನಿಲ್ಲಿಸಲ್ಪಟ್ಟ ಕೆರೂಬಿಯರೆಂಬ ದೂತರಿಗೆ ನಾವು ಈ ಗತಿ ತಂದಿದ್ದೇವೆ.

ಇದಕ್ಕೆ ಪ್ರತಿಯಾಗಿ ಈಚಿನ ವರ್ಷಗಳಲ್ಲಿ ಇಂಟರ್ನೆಟ್ಟಿನಲ್ಲಿ ಮತ್ತೊಂದು ಬಗೆಯ ಚಿತ್ರ ಹರಡಿದೆ. ಮೈತುಂಬ ಕಣ್ಣುಗಳು, ಒಂದರೊಳಗೊಂದು ತಿರುಗುವ ಚಕ್ರಗಳು, "ಬೈಬಲಿನ ನಿಜವಾದ ದೇವದೂತರು ಇವರೇ" ಎಂಬ ಒಕ್ಕಣೆ. ಪ್ರವಾದಿಯಾದ ಯೆಹೆಜ್ಕೇಲನು ನಾಲ್ಕು ಮುಖಗಳ ಜೀವಿಗಳನ್ನೂ ಕಣ್ಣುಗಳಿಂದ ತುಂಬಿದ ಚಕ್ರಗಳನ್ನೂ ಕಂಡದ್ದು ನಿಜ. ಆದರೆ ಅವನ ಪುಸ್ತಕದ ಆ ಮೊದಲನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ, ಅವನು ಬೋರಲಾಗಿ ಬಿದ್ದದ್ದು ಚಕ್ರಗಳನ್ನು ಕಂಡಲ್ಲ, ಅವುಗಳ ಮೇಲ್ಗಡೆ ಸಿಂಹಾಸನದ ಮೇಲೆ ಆಸೀನನಾಗಿದ್ದವನ ಮಹಿಮೆಯನ್ನು ಕಂಡು ಎಂಬುದು ತಿಳಿಯುತ್ತದೆ. ಮುದ್ದು ಮಗುವಿನ ಚಿತ್ರದಿಂದ ಕ್ರಿಸ್ತನನ್ನು ಕತ್ತರಿಸಿದಂತೆಯೇ ಈ ಭೀಕರ ಚಿತ್ರದಿಂದ ಸಿಂಹಾಸನವನ್ನು ಕತ್ತರಿಸಲಾಗಿದೆ. ಪ್ರವಾದಿಯಾದ ಯೆಶಾಯನು ಕಂಡ ಸೆರಾಫಿಯರೆಂಬ ದೂತರಿಗೆ ಆರು ರೆಕ್ಕೆಗಳಿದ್ದವು. ಅವುಗಳಲ್ಲಿ ಹಾರಲು ಎರಡೇ, ಉಳಿದ ನಾಲ್ಕು ತಮ್ಮ ಮುಖವನ್ನೂ ಕಾಲುಗಳನ್ನೂ ಮುಚ್ಚಿಕೊಳ್ಳಲು. ಪರದೆಯ ಮೇಲಿನ ದೇವದೂತ ತನ್ನನ್ನು ತೋರಿಸಿಕೊಳ್ಳಲು ರೆಕ್ಕೆ ಬಿಚ್ಚುತ್ತಾನೆ, ಯೆಶಾಯನ ದರ್ಶನದಲ್ಲಿ ಅವರು ದೇವರ ಮುಂದೆ ತಮ್ಮನ್ನು ಮರೆಮಾಡಿಕೊಳ್ಳಲು ರೆಕ್ಕೆ ಬಳಸುತ್ತಾರೆ.

1946ರಲ್ಲಿ ತೆರೆಕಂಡ "ಇಟ್ಸ್ ಎ ವಂಡರ್‌ಫುಲ್ ಲೈಫ್" ಚಿತ್ರವನ್ನು ನಾನು ಪ್ರೀತಿಯಿಂದ ನೋಡಿದ್ದೇನೆ. ಊರಿನವರ ಪ್ರಾರ್ಥನೆಯಿಂದ ಆ ಕಥೆ ಆರಂಭವಾಗುತ್ತದೆ, ಆ ಪ್ರಾರ್ಥನೆಗೆ ಉತ್ತರವಾಗಿಯೇ ಕ್ಲಾರೆನ್ಸ್ ಎಂಬ ದೇವದೂತನು ಕಳುಹಿಸಲ್ಪಡುತ್ತಾನೆ. ಇಷ್ಟರಮಟ್ಟಿಗೆ ಆ ಚಿತ್ರ ಅದರ ನಂತರ ಬಂದ ಅನೇಕ ಚಿತ್ರಗಳಿಗಿಂತ ಸತ್ಯಕ್ಕೆ ಹತ್ತಿರವಾಗಿದೆ. ಆದರೆ ಕ್ಲಾರೆನ್ಸ್ ಒಂದು ಕಾಲದಲ್ಲಿ ಭೂಮಿಯ ಮೇಲೆ ಗಡಿಯಾರ ತಯಾರಿಸುತ್ತಿದ್ದ ಮನುಷ್ಯ, ಸತ್ತ ಮೇಲೆ ದೇವದೂತನಾದವನು, ಒಂದು ಒಳ್ಳೆಯ ಕೆಲಸ ಮಾಡಿ ರೆಕ್ಕೆಗಳನ್ನು ಸಂಪಾದಿಸಬೇಕಾದವನು. ಇದರಲ್ಲಿ ಎರಡು ತಪ್ಪುಗಳು ಜೊತೆಯಾಗಿ ಬರುತ್ತವೆ. ದೇವದೂತರು ಮನುಷ್ಯರಿಗಿಂತ ಬೇರೆಯಾದ ಸೃಷ್ಟಿ. ಸತ್ತವರು ಬಡ್ತಿ ಪಡೆದು ಸೇರುವ ದರ್ಜೆ ಅದಲ್ಲ. ಪುನರುತ್ಥಾನವಾದವರು ದೂತರಿಗೆ ಸಮಾನರಾಗಿರುವರು ಎಂದು ಯೇಸು ಹೇಳಿದ್ದು, ಅವರು ಇನ್ನು ಸಾಯಲಾರರು, ಮದುವೆ ಮಾಡಿಕೊಳ್ಳುವುದಿಲ್ಲ ಎಂಬ ಅರ್ಥದಲ್ಲಿ. ಎರಡನೆಯದಾಗಿ, ಪರಲೋಕದಲ್ಲಿ ಸ್ಥಾನವನ್ನು ದುಡಿದು ಗಳಿಸಬೇಕು ಎಂಬ ಎಣಿಕೆಯು ಕೃಪೆಯ ಸುವಾರ್ತೆಗೆ ನೇರ ವಿರುದ್ಧವಾದದ್ದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮನುಷ್ಯನಾಗಲು ಹಂಬಲಿಸುವ ದೇವದೂತನ ಕಥೆ. ವಿಮ್ ವೆಂಡರ್ಸ್ ಅವರ 1987ರ "ವಿಂಗ್ಸ್ ಆಫ್ ಡಿಸೈರ್" ಚಿತ್ರದಲ್ಲಿ ಬರ್ಲಿನ್ ನಗರದ ಮೇಲೆ ಸುಳಿಯುವ ದೂತರು ಜನರ ಒಳಮಾತುಗಳನ್ನು ಕೇಳಿಸಿಕೊಳ್ಳುತ್ತಾರೆ, ಸಾಯುತ್ತಿರುವವನ ಪಕ್ಕದಲ್ಲಿ ಕುಳಿತು ಅವನನ್ನು ಸಂತೈಸುತ್ತಾರೆ. ಅವರ ಕಣ್ಣಿಗೆ ಲೋಕ ಕಪ್ಪು ಬಿಳುಪಾಗಿದೆ. ಅವರಲ್ಲೊಬ್ಬನು ಸರ್ಕಸ್ಸಿನ ಯುವತಿಯನ್ನು ಪ್ರೀತಿಸಿ ಮನುಷ್ಯನಾದಾಗ ಬಣ್ಣಗಳು ಕಾಣುತ್ತವೆ. 1998ರ "ಸಿಟಿ ಆಫ್ ಏಂಜೆಲ್ಸ್" ಇದೇ ಕಥೆಯ ಅಮೆರಿಕನ್ ರೂಪ. ಮೊದಲನೆಯ ಚಿತ್ರದ ಕಾರುಣ್ಯ ನನ್ನ ಮನಸ್ಸನ್ನು ಮುಟ್ಟಿದೆ, ಅದನ್ನು ಮರೆಮಾಚುವುದಿಲ್ಲ. ನೋವಿನಲ್ಲಿರುವವನ ಹೆಗಲ ಮೇಲೆ ಕಾಣದ ಕೈಯೊಂದಿದೆ ಎಂಬ ಆಸೆ ಸುಳ್ಳಾದ ಆಸೆಯಲ್ಲ.

ದೂತರು ನಮ್ಮ ವಿಷಯದಲ್ಲಿ ಏನನ್ನೋ ಹಂಬಲಿಸುತ್ತಾರೆಂಬ ಮಾತಿನಲ್ಲಿಯೂ ಒಂದು ಸತ್ಯದ ಬೀಜವಿದೆ. ಪೇತ್ರನು ತನ್ನ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ, ದೇವದೂತರು ಸಹ ಬಗ್ಗಿ ನೋಡಲು ಅಪೇಕ್ಷಿಸುವ ಸಂಗತಿಗಳಿವೆ ಎನ್ನುತ್ತಾನೆ. ಆದರೆ ಆ ಸಂಗತಿಗಳು ಬಿಸಿ ಕಾಫಿಯ ರುಚಿಯಲ್ಲ, ಪ್ರಿಯತಮೆಯ ಸ್ಪರ್ಶವೂ ಅಲ್ಲ. ಕ್ರಿಸ್ತನ ಬಾಧೆಗಳು ಮತ್ತು ಅನಂತರದ ಮಹಿಮೆ. ಬಿದ್ದುಹೋದ ಮನುಷ್ಯನನ್ನು ದೇವರು ತನ್ನ ಮಗನ ರಕ್ತದಿಂದ ಕೊಂಡುಕೊಂಡನೆಂಬ ಆಶ್ಚರ್ಯವನ್ನು, ಎಂದೂ ಬೀಳದ ಆ ಪರಿಶುದ್ಧರು ಹೊರಗಿನಿಂದ ಇಣುಕಿ ನೋಡುತ್ತಿದ್ದಾರೆ. ಕ್ರಿಸ್ತನು ದೇವದೂತರಿಗಲ್ಲ, ಅಬ್ರಹಾಮನ ಸಂತತಿಗೆ ಸಹಾಯಕನಾದನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಹೇಳುವುದು ಇದನ್ನೇ. ಒಬ್ಬ ಪಾಪಿ ಮಾನಸಾಂತರಪಟ್ಟಾಗ ದೇವದೂತರ ಮುಂದೆ ಸಂತೋಷವಾಗುತ್ತದೆ ಎಂದು ಯೇಸುವೇ ಹೇಳಿದ್ದಾನೆ. ಮೇಲಿನಿಂದ ಇಳಿದು ಮನುಷ್ಯನ ಶರೀರವನ್ನು ಧರಿಸಿದವನ ಕಥೆ ನಮಗೆ ಹೊಸದಲ್ಲ. ಆದರೆ ಹಾಗೆ ಇಳಿದವನು ದೂತನಲ್ಲ, ದೂತರಿಗೆ ಒಡೆಯನಾದ ಮಗನು; ಅವನು ಇಳಿದದ್ದು ಬಣ್ಣಗಳನ್ನು ಕಾಣುವುದಕ್ಕಲ್ಲ, ನಮ್ಮ ಮರಣವನ್ನು ತಾನು ಸಾಯುವುದಕ್ಕೆ. ಈ ಸಿನಿಮಾಗಳು ಕ್ರಿಸ್ತಾವತಾರದ ಕಥೆಯ ಆಕಾರವನ್ನು ತೆಗೆದುಕೊಂಡು ಅದರೊಳಗಿಂದ ಶಿಲುಬೆಯನ್ನು ಹೊರಗಿಟ್ಟಿವೆ ಎಂದು ನನಗೆ ಅನ್ನಿಸುತ್ತದೆ.

ಅನಂತರದ ವರ್ಷಗಳ ಕಥೆಗಳಲ್ಲಿ ದೇವರು ಮರೆಯಾಗುವುದಷ್ಟೇ ಅಲ್ಲ, ಅಪರಾಧಿಯೂ ಆಗುತ್ತಾನೆ. 2010ರ "ಲೀಜನ್" ಚಿತ್ರದಲ್ಲಿ ದೇವರು ಮನುಷ್ಯಕುಲವನ್ನು ಅಳಿಸಿಹಾಕಲು ದೂತರನ್ನು ಕಳುಹಿಸುತ್ತಾನೆ, ಪ್ರಧಾನ ದೂತನಾದ ಮೀಕಾಯೇಲನು ಆ ಆಜ್ಞೆಯನ್ನು ಮುರಿದು ಮನುಷ್ಯರ ಪರವಾಗಿ ನಿಲ್ಲುತ್ತಾನೆ. ದೇವರಿಗಿಂತ ದೂತನು ಹೆಚ್ಚು ಕರುಣಾಳು ಎಂಬ ಈ ಕಲ್ಪನೆಗೆ ಚಪ್ಪಾಳೆ ತಟ್ಟುವ ಕ್ರೈಸ್ತ ಯುವಕರನ್ನು ನಾನು ಕಂಡಿದ್ದೇನೆ. ಸೈತಾನನೊಡನೆ ವಾದಿಸುವಾಗಲೂ ತಾನೇ ತೀರ್ಪು ಹೇಳದೆ "ಕರ್ತನು ನಿನ್ನನ್ನು ಗದರಿಸಲಿ" ಎಂದಷ್ಟೇ ನುಡಿದವನು ಮೀಕಾಯೇಲನು ಎಂದು ಯೂದನ ಪತ್ರಿಕೆ ಹೇಳುತ್ತದೆ. ಇನ್ನು 2016ರಿಂದ 2021ರವರೆಗೆ ಪ್ರಸಾರವಾದ "ಲೂಸಿಫರ್" ಧಾರಾವಾಹಿ ಸೈತಾನನನ್ನೇ ಮೋಹಕ ನಾಯಕನನ್ನಾಗಿ ಮಾಡಿತು. ಸೈತಾನನು ಪ್ರಕಾಶರೂಪದ ದೂತನ ವೇಷವನ್ನು ಹಾಕಿಕೊಳ್ಳುತ್ತಾನೆ ಎಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ನೆನಪಿಸಿದರೆ ಸಾಕು, ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಮನರಂಜನೆಯನ್ನು ಮನರಂಜನೆಯಾಗಿ ನೋಡಬೇಕು, ಇದರಿಂದ ಯಾರಿಗೆ ಏನು ನಷ್ಟ ಎಂದು ಸ್ನೇಹಿತರು ಕೇಳುತ್ತಾರೆ. ನನಗೆ ಗೊತ್ತಿರುವ ನಷ್ಟವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಒಬ್ಬ ತಾಯಿ ತನ್ನ ನಾಲ್ಕು ವರ್ಷದ ಮಗಳನ್ನು ಕಳೆದುಕೊಂಡಳು. ಸಂತೈಸಲು ಬಂದವರಲ್ಲಿ ಯಾರೋ, "ದೇವರಿಗೆ ಇನ್ನೊಬ್ಬ ಏಂಜೆಲ್ ಬೇಕಿತ್ತು, ಅದಕ್ಕೇ ಕರ್ಕೊಂಡ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಜನರೆಲ್ಲ ಹೋದ ಮೇಲೆ ಆಕೆ ನನ್ನನ್ನು ಕೇಳಿದಳು: "ಅಣ್ಣಾ, ದೇವರಿಗೆ ಏಂಜೆಲ್‌ಗಳು ಕಡಿಮೆ ಇದ್ರಾ? ನನ್ನ ಮಗೂನ ಕಾಯೋಕೆ ಅಂತ ಒಬ್ಬ ದೂತ ಇದ್ದನಲ್ವಾ, ಅವನು ಆವತ್ತು ಎಲ್ಲಿಗೆ ಹೋಗಿದ್ದ?"

ಕೊನೆಯ ಕ್ಷಣದಲ್ಲಿ ಬಂದು ವಾಹನದ ಎದುರಿನಿಂದ ಮಗುವನ್ನು ಎಳೆದುಕೊಳ್ಳುವ ದೇವದೂತನನ್ನು ಮಾತ್ರ ಪರದೆಯಲ್ಲಿ ಕಂಡವರಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಸತ್ಯವೇದ ಈ ಪ್ರಶ್ನೆಯನ್ನು ಬಚ್ಚಿಡುವುದಿಲ್ಲ. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ ದೂತನು ಸೆರೆಮನೆಗೆ ಬಂದು ಪೇತ್ರನ ಪಕ್ಕೆಯನ್ನು ತಟ್ಟಿ ಎಬ್ಬಿಸುತ್ತಾನೆ, ನಡುಕಟ್ಟಿಕೊಂಡು ಕೆರಗಳನ್ನು ಮೆಟ್ಟಿಕೋ ಎನ್ನುತ್ತಾನೆ, ಕಬ್ಬಿಣದ ಬಾಗಿಲು ತಾನಾಗಿ ತೆರೆಯುತ್ತದೆ, ಒಂದು ಬೀದಿಯ ದೂರ ನಡೆಸಿ ಅವನು ಪೇತ್ರನನ್ನು ಬಿಟ್ಟು ಹೋಗುತ್ತಾನೆ. ಅದೇ ಅಧ್ಯಾಯದ ಆರಂಭದಲ್ಲಿ ಯೋಹಾನನ ಅಣ್ಣನಾದ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅವನನ್ನು ಬಿಡಿಸಲು ಯಾವ ದೂತನೂ ಬರಲಿಲ್ಲ. ಏಕೆಂದು ಆ ಪುಸ್ತಕವನ್ನು ಬರೆದ ಲೂಕನು ಹೇಳುವುದಿಲ್ಲ. ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸುವಿಗೆ ಕಾಣಿಸಿಕೊಂಡ ದೂತನು ಅವನನ್ನು ಬಲಪಡಿಸಿದನು, ಆದರೆ ಅವನು ಕುಡಿಯಬೇಕಾಗಿದ್ದ ಸಂಕಟದ ಪಾತ್ರೆಯನ್ನು ತೊಲಗಿಸಲಿಲ್ಲ. ಹನ್ನೆರಡು ಗಣಗಳಿಗಿಂತ ಹೆಚ್ಚು ದೂತರನ್ನು ತಂದೆಯು ಕಳುಹಿಸಬಲ್ಲನು ಎಂದು ತಿಳಿದಿದ್ದೂ ಯೇಸು ಅವರನ್ನು ಕೇಳಿಕೊಳ್ಳಲಿಲ್ಲ. ದೂತನು ತನ್ನಿಷ್ಟದಂತೆ ಬರುವವನಲ್ಲ, ನಮ್ಮ ಇಷ್ಟದಂತೆಯೂ ಬರುವವನಲ್ಲ.

ಇದನ್ನೆಲ್ಲ ಆ ರಾತ್ರಿ ನಾನು ಆ ತಾಯಿಗೆ ವಿವರಿಸಲಿಲ್ಲ. ನಿನ್ನ ಮಗಳು ಏಂಜೆಲ್ ಆಗಿಲ್ಲ, ಅವಳು ನಿನ್ನ ಮಗಳಾಗಿಯೇ ಇದ್ದಾಳೆ, ಅವಳ ಹೆಸರು ಅವಳದೇ, ಕಡೆಯ ದಿನದಲ್ಲಿ ಏಳುವುದೂ ಅವಳದೇ ಶರೀರ ಎಂದೆ. ಲಾಜರನೆಂಬ ಬಡವನು ಸತ್ತಾಗ ದೇವದೂತರು ಅವನನ್ನು ಅಬ್ರಹಾಮನ ಎದೆಯ ಬಳಿಗೆ ಒಯ್ದರೆಂದು ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದನ್ನು ಓದಿದೆ. ಆಕೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, "ಹಾಗಾದ್ರೆ ದೂತ ಎಲ್ಲಿಗೂ ಹೋಗಿರ್ಲಿಲ್ಲ, ಎತ್ಕೊಂಡು ಹೋಗೋಕೆ ಅಲ್ಲೇ ಇದ್ದ" ಎಂದು, ಆ ವಚನವನ್ನು ಇನ್ನೊಮ್ಮೆ ಓದಲು ಹೇಳಿದಳು. ನಾನು ಓದಿದೆ.