ಶಾಲೆಯಲ್ಲಿ ಮಗುವಿಗೆ ಏಟು ಬಿದ್ದರೆ ಊರಾಚೆ ದೂರು ಕೊಡಬೇಕೇ?

ಪರ

ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ನನ್ನ ಜೊತೆ ಓದಿದವರಲ್ಲಿ ದಿನಾ ಏಟು ತಿನ್ನುತ್ತಿದ್ದವರ ಮುಖ ಈಗಲೂ ಕಣ್ಣ ಮುಂದಿದೆ. ಎಲ್ಲರೂ ತೋಟದ ಕೂಲಿಯವರ ಮಕ್ಕಳು. ಮಗ್ಗಿ ನಾವೂ ತಪ್ಪುತ್ತಿದ್ದೆವು. ತೋಟ ಇದ್ದವರ ಮನೆಯವರಾದ ನಮಗೆ ಬರೀ ಬೈಗುಳ, ಅವರಿಗೆ ಬೆತ್ತ. ಮಳೆಗಾಲದಲ್ಲಿ ತಡವಾದರೂ ಅವರಿಗೇ ಏಟು. ಜಾರುವ ಸಂಕ ದಾಟಿ ಬರಬೇಕಾದವರು ಅವರೇ ಅಲ್ವಾ? ಶೌಚಾಲಯಕ್ಕೆ ನೀರು ಹೊರುವ ಕೆಲಸವೂ ಅವರ ಪಾಲಿಗೇ ಬರುತ್ತಿತ್ತು. ಇದು ತಪ್ಪು ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ. ‘ಛಡಿ ಛಂ ಛಂ, ವಿದ್ಯೆ ಘಂ ಘಂ’ ಎಂದು ದೊಡ್ಡವರೇ ಹೇಳಿಕೊಡುತ್ತಿದ್ದರು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ಅದರ 17ನೇ ಸೆಕ್ಷನ್ ನಿಷೇಧಿಸುತ್ತದೆ. ಹೊಡೆದವರ ಮೇಲೆ ಶಿಸ್ತುಕ್ರಮ ಆಗಬೇಕು ಎನ್ನುತ್ತದೆ. ‘ಎಸ್‌ಡಿಎಂಸಿ (ಊರಿನ ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲೇ ಮಾತಾಡಿ ಮುಗಿಸೋಣ’ ಅನ್ನುವವರಿದ್ದಾರೆ. ಅಲ್ಲಿ ಕೂಲಿ ಮಾಡುವ ಅಪ್ಪ ಬಾಯಿ ಬಿಡುವುದು ಹೇಗೆ? ಎದುರು ಕುಳಿತವರು ನಾಳೆ ಅಡಿಕೆ ಸುಲಿಯಲು ಕರೆಯಬೇಕಾದವರು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು, ದುಡ್ಡು ಬೇಡ. ಆ ಕಡೆ ಫೋನ್ ಎತ್ತುವವರಿಗೆ ಊರಿನ ಯಾವ ಹಂಗೂ ಇಲ್ಲ. ನನಗೆ ಇದೊಂದೇ ಕಾರಣ ಸಾಕು.

ವಿರೋಧ

ಏಟು ಸರಿ ಅಂತ ನಾನು ಹೇಳುತ್ತಿಲ್ಲ. ಮಗುವನ್ನು ಲೈಂಗಿಕವಾಗಿ ಪೀಡಿಸಿದರೆ ಊರಲ್ಲಿ ಪಂಚಾಯಿತಿ ಮಾಡುವ ಮಾತೇ ಇಲ್ಲ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ನನ್ನ ಮಾತು ದಿನನಿತ್ಯದ ಬೆತ್ತದ ಬಗ್ಗೆ.

ಹೊಸನಗರದ ಒಳಭಾಗದಲ್ಲಿ ಹತ್ತು ಹನ್ನೆರಡು ಮಕ್ಕಳ ಶಾಲೆಗಳಿವೆ. ಒಬ್ಬರೇ ಟೀಚರ್, ಬಿಸಿಯೂಟದ ಲೆಕ್ಕವೂ ಅವರದೇ. ದೂರಿನಿಂದ ಅವರು ಅಮಾನತಾದರೆ ಅಲ್ಲಿಗೆ ಇನ್ನೊಬ್ಬರು ಬೇಗ ಬರುವುದಿಲ್ಲ. ಉಳ್ಳವರು ಮಕ್ಕಳನ್ನು ವ್ಯಾನ್ ಹತ್ತಿಸಿ ಪೇಟೆಗೆ ಕಳಿಸುತ್ತಾರೆ. ಶಾಲೆ ಮುಚ್ಚಿದರೆ ಮನೆಯಲ್ಲಿ ಉಳಿಯುವವರು ಏಟು ತಿಂದ ಅದೇ ಮಕ್ಕಳು. ಕಿರಿಯ ಪ್ರಾಥಮಿಕ ಶಾಲೆ 1 ಕಿಲೋಮೀಟರ್ ಒಳಗಿರಬೇಕು ಎನ್ನುತ್ತದೆ ನಿಯಮ. ಆಷಾಢದ ಮಳೆಯಲ್ಲಿ ಕಾಡುದಾರಿಯ ಆ ಒಂದು ಕಿಲೋಮೀಟರೇ ಏಳು ವರ್ಷದ ಮಗುವಿಗೆ ಜಾಸ್ತಿ.

ಕೂಲಿಯವರು ಸಭೆಯಲ್ಲಿ ಒಬ್ಬೊಬ್ಬರೇ ಮಾತಾಡಲಾರರು, ನಿಜ. ನಮ್ಮೂರಲ್ಲಿ ಆರು ಜನ ತಾಯಂದಿರು ಒಟ್ಟಿಗೆ ಹೋದರು. ಯಾರ್ಯಾರಿಗೆ ಎಷ್ಟು ಏಟು ಬಿದ್ದಿದೆ ಎಂದು ಹೆಸರು ಹಿಡಿದು ಕೇಳಿದರು, ಸಭೆಯ ಪುಸ್ತಕದಲ್ಲಿ ಬರೆಸಿದರು. ಟೀಚರ್ ಮೊದಲು ಸಿಟ್ಟಾದರು, ಆಮೇಲೆ ಅತ್ತರು. ಈಗಲೂ ಅವರೇ ಪಾಠ ಮಾಡುತ್ತಾರೆ, ಬೆತ್ತ ಇಲ್ಲದೆ.