ಐದು ವರ್ಷದ ಕರಾರು, ಒಂದು ಅರ

ಇಂಗ್ಲೆಂಡಿಗೆ ಬಂದ ನಮ್ಮವರು ಇಲ್ಲಿನ ಹಳೆಯ ಅಪ್ರೆಂಟಿಸ್ ಪದ್ಧತಿಯನ್ನು ಹೊಗಳುವಾಗ ಐದು ವರ್ಷದ ಅವಧಿಯನ್ನೇ ಮುಂದೆ ಮಾಡುತ್ತಾರೆ. ಅದರ ದುರ್ಬಲ ಭಾಗವೇ ಅದು ಎಂಬುದು ನನ್ನ ಎಣಿಕೆ. 1950ರ ದಶಕದಲ್ಲಿ 16ಕ್ಕೆ ಸೇರಿದ ಹುಡುಗ, ತಂದೆಯ ಸಹಿಯೂ ಬಿದ್ದ ಕರಾರಿನಂತೆ 21 ತುಂಬುವವರೆಗೆ ದುಡಿದರೆ ಕುಶಲಕರ್ಮಿ. ಕಡ್ಡಾಯ ಸೈನ್ಯಸೇವೆಯನ್ನೂ ಅಲ್ಲಿಯವರೆಗೆ ಮುಂದೂಡುತ್ತಿದ್ದರು. ವಾರಕ್ಕೊಂದು ದಿನ ಕಾಲೇಜಿಗೆ ಹೋಗಿ ಪ್ರಮಾಣಪತ್ರ ಪಡೆದರೆ ಅದು ಬೇರೆ ಮಾತು. ಕೈಕೆಲಸಕ್ಕೆ ಸಾಮಾನ್ಯವಾಗಿ ಕೊನೆಯ ಪರೀಕ್ಷೆ ಇರಲಿಲ್ಲ. ಚಹಾ ತಂದುಕೊಟ್ಟ ತಿಂಗಳುಗಳೂ ಐದು ವರ್ಷದ ಲೆಕ್ಕಕ್ಕೇ ಜಮಾ.

ನಮ್ಮಲ್ಲಿ 1950ರಲ್ಲಿ ಶುರುವಾದ ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ವ್ಯವಸ್ಥೆ ತಿರುಗುಮುರುಗು: ಮೊದಲು ಸಂಸ್ಥೆಯ ಬೆಂಚು, ಆಮೇಲೆ ಟ್ರೇಡ್ ಟೆಸ್ಟ್, ಅಂದರೆ ಕಸುಬಿನ ಪರೀಕ್ಷೆ. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದೇ 1953ರಲ್ಲಿ. ಹುಡುಗರ ಪಕ್ಕ ನಿಂತು ತಿದ್ದುವಷ್ಟು ಹಳೆಯ ಫಿಟ್ಟರ್‌ಗಳು ಹೊಸ ಕಾರ್ಖಾನೆಗಳಿಗೆ ಎಲ್ಲಿಂದ ಬರಬೇಕು?

ಕೈಗೆ ಕಲಿಸಿದ ಮೊದಲ ಪಾಠ ಮಾತ್ರ ಎರಡೂ ಕಡೆ ಒಂದೇ: ಅರ ಹಾಕಿ ಲೋಹವನ್ನು ಸಮತಟ್ಟು ಮಾಡುವುದು. ಲೋಹವನ್ನು ಬಿಗಿಹಿಡಿಯುವ ವೈಸ್ ಮೊಣಕೈ ಎತ್ತರಕ್ಕಿರಬೇಕು. ಒತ್ತಡ ಮುಂದೆ ತಳ್ಳುವಾಗ ಮಾತ್ರ. ಹಿಂದೆಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತವೆ. ತಳ್ಳಲು ಶುರುಮಾಡಿದಾಗ ಭಾರ ಅರದ ತುದಿ ಹಿಡಿದ ಎಡಗೈಯಲ್ಲಿ, ನಡುವೆ ಎರಡರಲ್ಲೂ ಸಮ, ಕೊನೆಗೆ ಹಿಡಿಯ ಬಳಿಯ ಬಲಗೈಯಲ್ಲಿ. ಭಾರ ಹೀಗೆ ದಾಟದಿದ್ದರೆ ಅರ ಏತದಂತೆ ತೂಗುತ್ತದೆ. ಅಂಚುಗಳು ತಗ್ಗಿ ನಡು ಉಬ್ಬುತ್ತದೆ. ಲಂಬಕೋನ ನೋಡುವ ಟ್ರೈಸ್ಕ್ವೇರ್‌ನ ಅಲಗಿಟ್ಟು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸಂದು ಕಾಣುತ್ತದೆ. ಹೊಸಬ ಗಾಬರಿಯಾಗಿ ಅಂಚನ್ನೇ ಉಜ್ಜುತ್ತಾನೆ, ಅದು ಇನ್ನೂ ತಗ್ಗುತ್ತದೆ. ತೆಗೆಯಬೇಕಾದದ್ದು ನಡುವನ್ನು! ಹಲ್ಲುಗಳ ನಡುವೆ ಲೋಹದ ಚೂರು ಸಿಕ್ಕಿಕೊಂಡರೆ ಮೇಲ್ಮೈ ಗೀರುತ್ತದೆ. ಅರಕ್ಕೆ ಮೊದಲೇ ಸೀಮೆಸುಣ್ಣ ತಿಕ್ಕಿದರೆ ಈ ಕಾಟ ಕಡಿಮೆ.

ಇದನ್ನು ಟ್ರೇಡ್ ಟೆಸ್ಟ್ ಅಳೆಯಬಲ್ಲದು. ಆ ಮಟ್ಟಿಗೆ ನಮ್ಮ ಕ್ರಮವೇ ಮೇಲು. ಕಾನೂನಿನಲ್ಲೂ ನಾವೇ ಮುಂದು: ಉದ್ಯಮಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ಭಾರತದ ಕಾಯ್ದೆ 1961ರದು; ಕಲಿಸುವ ಖರ್ಚನ್ನು ಉದ್ಯಮಗಳ ಮೇಲೆ ಸುಂಕವಾಗಿ ಹಂಚಿದ ಬ್ರಿಟನ್ನಿನ ಕಾಯ್ದೆ ಬಂದದ್ದು 1964ರಲ್ಲಿ.

ಬ್ರಿಟಿಷ್ ಹುಡುಗನಿಗೆ ಸಿಕ್ಕ ಲಾಭ ಬೇರೆ, ಅವನಿಗೆ ಎರಕದ ಕಬ್ಬಿಣ ಬೇಗ ಎದುರಾಗುತ್ತಿತ್ತು. ಸಂಸ್ಥೆಯ ಬೆಂಚಿನ ಮೇಲೆ ಹೆಚ್ಚಾಗಿ ಮೈಲ್ಡ್ ಸ್ಟೀಲ್ (ಮೆದು ಉಕ್ಕು) ಪಟ್ಟಿ, ಕೆಟ್ಟರೆ ಗುಜರಿಗೆ. ಕಾರ್ಖಾನೆಯ ಎರಕದ ಭಾಗ ಮರಳಿನ ಅಚ್ಚಿನಿಂದ ಬಂದದ್ದು: ಹೊರಪದರ ಗಡಸು, ಮರಳಿನ ಕಣ ಕಚ್ಚಿಕೊಂಡಿರುತ್ತದೆ. ಹೊಸ ಅರ ಹಾಕಿದರೆ ಅರ ಹಾಳು. ಮೊದಲು ಉಳಿಯಿಂದ ಪದರ ಕೆತ್ತಬೇಕು, ಇಲ್ಲವೇ ಸವೆದ ಅರದಿಂದ ಕೆರೆಯಬೇಕು. ಹೊಸ ಅರ ಮೊದಲು ಹಿತ್ತಾಳೆಗೆ, ಅದರ ಹರಿತ ಇಳಿದ ಮೇಲೆ ಉಕ್ಕಿಗೆ, ತೀರಾ ಸವೆದದ್ದು ಎರಕದ ಸಿಪ್ಪೆಗೆ. ಅರದ ಈ ಸರದಿ ಯಾವ ಡ್ರಾಯಿಂಗಿನಲ್ಲೂ ಬರೆದಿರುವುದಿಲ್ಲ. ಹೊಸ ಅರಕ್ಕೆ ಕೈಹಾಕಿದೊಡನೆ ಪಕ್ಕದ ವೈಸ್‌ನ ಹಿರಿಯ ಗದರುತ್ತಿದ್ದ.