ಸಣ್ಣ ವಿಮಾನವನ್ನು ಬಸ್ಸಿನ ಹಾಗೆ ಓಡಿಸಿ

ನಿನ್ನೆ ಸಂಜೆಯಿಂದ ಮನಸ್ಸು ಸರಿ ಇಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು ಇದನ್ನು ಬರೆಯಲು ಕೂತಿದ್ದೇನೆ. ಉದ್ದ ಆಗಬಹುದು, ಪುರುಸೊತ್ತು ಇದ್ದವರು ಓದಿ.

ನಿನ್ನೆ ತಂಗಿಯ ಮಗನನ್ನು ಬಸ್ಸು ಹತ್ತಿಸಲಿಕ್ಕೆ ಉಡುಪಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬರು ಅಜ್ಜ, ಅವರ ಮಗಳು, ಅಳಿಯ. ಅಜ್ಜನ ಒಂದು ಕೈ ಹೊಟ್ಟೆ ಮೇಲೆ. ಮಗಳ ಕೈಯಲ್ಲಿ ಆಸ್ಪತ್ರೆಯ ಫೈಲು, ಎಕ್ಸ್‌ರೇ ಕವರು. ಮಾತು ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು. ಬ್ಯಾಂಕಿನ ಕೆಲಸದಲ್ಲಿ ನಾನು ಆರು ವರ್ಷ ಕಲಬುರಗಿಯಲ್ಲಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಆ ಮಾತು ಕೇಳಿದರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ.

"ಕಲಬುರ್ಗಿ ಏನ್ರಿ?" ಅಂದೆ.

"ಹೌದ್ರಿ ಅಕ್ಕಾರ, ಚಿತ್ತಾಪುರದ ಕಡಿ. ಅಪ್ಪಗ ಹೊಟ್ಟಿ ಆಪರೇಷನ್ ಆಗ್ಯದ್ರಿ. ಇವತ್ತೇ ಮನಿಗೆ ಬಿಟ್ಟಾರ."

ಮಲಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲವಂತೆ. ಕೂತುಕೊಂಡೇ ಹೋಗಬೇಕು. ಇಲ್ಲಿಂದ ಕುಂದಾಪುರ, ಘಾಟಿ, ಹುಬ್ಬಳ್ಳಿ, ಆಮೇಲೆ ಇಡೀ ಬಯಲುಸೀಮೆ. ಹದಿನಾಲ್ಕು ಗಂಟೆಗೂ ಜಾಸ್ತಿ. ಅಜ್ಜ ಒಂದೇ ಮಾತು ಹೇಳಿದರು: "ಕುಂತ್ರ ನೋವು, ಮಲ್ಕೊಂಡ್ರ ನೋವು. ಹೆಂಗರ ಊರು ಮುಟ್ಟಿದ್ರ ಸಾಕವ್ವಾ." ನಾನು ಮಗಳಿಗೆ ನನ್ನ ನಂಬರ್ ಕೊಟ್ಟು, ಎರಡು ದಿಂಬು ತರಿಸಿಕೊಟ್ಟು ಬಂದೆ. ಅಷ್ಟೇ ನನ್ನಿಂದ ಆದದ್ದು.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಕಲಬುರಗಿಗೆ ಒಂದು ಸಣ್ಣ ವಿಮಾನ ಇದ್ದಿದ್ದರೆ ಆ ಅಜ್ಜ ಒಂದೂವರೆ ಗಂಟೆಯಲ್ಲಿ ಇಳಿಯುತ್ತಿದ್ದರು ಅಂದೆ. ಅವನು ನಕ್ಕ. "ಅಕ್ಕ, ಹತ್ತು ಜನರಿಗೋಸ್ಕರ ವಿಮಾನ ಬಿಡ್ಲಿಕ್ಕೆ ಯಾರಿಗೆ ಮರ್ಲು (ಹುಚ್ಚು)? ಎರಡು ತಿಂಗಳಲ್ಲಿ ಬಾಗಿಲು ಹಾಕ್ತಾರೆ" ಅಂದ. ನನಗೆ ಸಿಟ್ಟು ಬಂದದ್ದು ಆ ನಗುವಿಗೆ.

ಹತ್ತು ಜನರಿಗೋಸ್ಕರ ಬಸ್ಸು ಬಿಡುವುದಿಲ್ವಾ? ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ಈ ಪ್ರಶ್ನೆ ಕೇಳಬಾರದು. 1914ರಲ್ಲೇ ಸಿಪಿಸಿ ಕಂಪನಿ ಬಸ್ಸು ಶುರು ಮಾಡಿದ ಊರು ಇದು. ನಮ್ಮ ಸರ್ವಿಸ್ ಬಸ್ಸುಗಳ ಟೈಮಿಂಗ್ ನೋಡಿ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನ ಕಂಡಕ್ಟರ್ ಜಗಳಕ್ಕೆ ಬರುತ್ತಾನೆ. ಬೆಳಗ್ಗಿನ ಮೊದಲ ಟ್ರಿಪ್ಪಿನಲ್ಲಿ ಹಾಲಿನ ಕ್ಯಾನು, ಮೀನಿನ ಬುಟ್ಟಿ, ಐದಾರು ಜನ. ಆದರೂ ಬಸ್ಸು ಹೋಗುತ್ತದೆ, ಯಾಕೆಂದರೆ ಪರ್ಮಿಟ್‌ನಲ್ಲಿ ಆ ಟ್ರಿಪ್ ಬರೆದಿದೆ. ಸಂಜೆ ಆರೂವರೆಗೆ ಬಸ್ಸು ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ನಮ್ಮ ಹೆಣ್ಣುಮಕ್ಕಳು ದೂರದ ಕಾಲೇಜಿಗೆ ಹೋಗಿ ಕಲಿತರು. ಬಸ್ಸು ತುಂಬಿದ ಮೇಲೆ ಟೈಮಿಂಗ್ ಬಂದದ್ದಲ್ಲ. ಟೈಮಿಂಗ್ ಇತ್ತು, ಅದಕ್ಕೇ ಬಸ್ಸು ತುಂಬಿತು.

ವಿಮಾನದಲ್ಲಿ ಮಾತ್ರ ಇದನ್ನು ಉಲ್ಟಾ ಮಾಡಿದ್ದಾರೆ.

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶುರುವಾಯಿತು. ರನ್‌ವೇ 3 ಕಿಲೋಮೀಟರಿಗಿಂತ ಉದ್ದ. ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಸುಮಾರು 450 ಕೋಟಿ ರೂಪಾಯಿ ಖರ್ಚು, ಅಲ್ಲೂ 3 ಕಿಲೋಮೀಟರ್ ದಾಟಿದ ರನ್‌ವೇ. 19 ಸೀಟಿನ ಡಾರ್ನಿಯರ್ 228 ವಿಮಾನ ಏಳಲಿಕ್ಕೆ ಸುಮಾರು 800 ಮೀಟರ್ ಸಾಕು. ಟ್ವಿನ್ ಆಟರ್ ಎಂಬ ಇನ್ನೊಂದು ಸಣ್ಣ ವಿಮಾನಕ್ಕೆ ಅದರ ಅರ್ಧ ಇದ್ದರೂ ಆಗುತ್ತದೆ. ರನ್‌ವೇಗೆ ದುಡ್ಡು ಸಿಗುತ್ತದೆ, ಅದರ ಮೇಲೆ ದಿನಾ ಓಡುವ ವಿಮಾನಕ್ಕೆ ಸಿಗುವುದಿಲ್ಲ. ಬಸ್ ಸ್ಟ್ಯಾಂಡ್ ಕಟ್ಟಿ ಬಸ್ಸು ಬಿಡದೇ ಇದ್ದರೆ ನಾವು ಸುಮ್ಮನಿರುತ್ತೇವಾ?

ಈಗ ನಮ್ಮವರು ಏನು ಮಾಡುತ್ತಾರೆ? ಬಜಪೆಯಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ಮತ್ತೆ ಉತ್ತರಕ್ಕೆ. ಆ ಎರಡನೇ ವಿಮಾನವೂ ಇವತ್ತು ಇದ್ದದ್ದು ಮುಂದಿನ ತಿಂಗಳು ಇರುತ್ತದೆ ಎಂಬ ಭರವಸೆ ಇಲ್ಲ. ನನ್ನ ಅಜ್ಜಿ ಹಳೆಯ ಕಾಲದ ಕಡವುಗಳ ಕಥೆ ಹೇಳುತ್ತಿದ್ದರು. ಆಗ ಹೊಳೆಗಳಿಗೆ ಸೇತುವೆ ಇರಲಿಲ್ಲ. ಬಸ್ಸು ಹೊಳೆಯ ಬದಿಗೆ ಬಂದು ನಿಲ್ಲುತ್ತಿತ್ತು. ಗಂಟುಮೂಟೆ ಹೊತ್ತು ಇಳಿದು, ದೋಣಿಯಲ್ಲಿ ದಾಟಿ, ಆಚೆ ಇನ್ನೊಂದು ಬಸ್ಸು ಹತ್ತಬೇಕು. ಉದ್ಯಾವರದಲ್ಲಿ ಒಮ್ಮೆ, ಕಲ್ಯಾಣಪುರದಲ್ಲಿ ಇನ್ನೊಮ್ಮೆ. ಬೆಂಗಳೂರು ಈಗ ನಮಗೆ ಅಂಥ ಕಡವು ಆಗಿದೆ. ಹುಬ್ಬಳ್ಳಿ ಬಜಪೆಯಿಂದ ಆಕಾಶದಲ್ಲಿ ಸುಮಾರು 270 ಕಿಲೋಮೀಟರ್. ಸಣ್ಣ ವಿಮಾನಕ್ಕೆ ಮುಕ್ಕಾಲು ಗಂಟೆಯ ದಾರಿ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬಜಪೆಯಿಂದ ಹುಬ್ಬಳ್ಳಿಗೆ ನೇರ ವಿಮಾನ ಬಂದಿತ್ತು. ನಾನು ಎಷ್ಟು ಖುಷಿಪಟ್ಟಿದ್ದೆ ಅಂದರೆ, ಮೊದಲ ವಾರವೇ ಧಾರವಾಡದ ಗೆಳತಿಯ ಮಗಳ ಮದುವೆಗೆ ಟಿಕೆಟ್ ಮಾಡಿಸಿದೆ. ಹೊರಡುವ ಎರಡು ದಿನ ಮೊದಲು ಮೆಸೇಜ್ ಬಂತು, ವಿಮಾನ ರದ್ದು. ದುಡ್ಡು ವಾಪಸ್ ಬಂತು, ಮದುವೆ ತಪ್ಪಿತು. ಆಮೇಲೆ ವಾರದ ದಿನಗಳು ಬದಲಾದವು, ಸಮಯ ಬದಲಾಯಿತು. ಅದಾದ ಮೇಲೆ ಮೂರು ಸಲ ಹುಬ್ಬಳ್ಳಿಗೆ ಹೋದೆ. ಮೂರು ಸಲವೂ ವಿಮಾನ ಇತ್ತು. ಮೂರು ಸಲವೂ ನಾನು ರಾತ್ರಿ ಬಸ್ಸಿಗೇ ಹೋದೆ. ನಂಬಿಕೆ ಹೋಗಿತ್ತು. "ಜನ ಇಲ್ಲ, ಸೀಟು ಖಾಲಿ" ಎಂದು ಹೇಳಿದರಲ್ಲ, ಆ ಖಾಲಿ ಸೀಟುಗಳಲ್ಲಿ ಮೂರು ನನ್ನದು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಆದರೆ ಜನ ವಿಮಾನವನ್ನು ಬಿಟ್ಟದ್ದು ಆಮೇಲೆ. ವಿಮಾನ ಜನರನ್ನು ಬಿಟ್ಟದ್ದು ಮೊದಲು.

ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಬಿಡಿಸುವ ಕೇಂದ್ರದ ಉಡಾನ್ ಯೋಜನೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ಮೊದಲ ವಿಮಾನ ಹೊರಟಾಗ ಟಿವಿ ಮುಂದೆ ಕೂತು ನೋಡಿದ್ದೆ. ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿ ಎಂಬ ಮಿತಿ ಇಟ್ಟರು. ಕಂಪನಿಗೆ ಆಗುವ ಕೊರತೆಯನ್ನು ಕೇಂದ್ರ, ರಾಜ್ಯ ಎರಡೂ ಸೇರಿ ತುಂಬುವುದು. ಆದರೆ ಮೂರೇ ವರ್ಷ. ಮೂರು ವರ್ಷದಲ್ಲಿ ಒಂದು ತೆಂಗಿನ ಸಸಿಯೂ ಫಲ ಕೊಡುವುದಿಲ್ಲ ಮಾರಾಯ್ರೆ. ಅದರಲ್ಲಿ ವಿಮಾನ ನಿಜವಾಗಿ ಸರಿಯಾಗಿ ಓಡಿದ್ದು ಎಷ್ಟು ತಿಂಗಳು?

ತಮ್ಮ ನಿನ್ನೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯನ್ನೇ ಮುಂದಿಟ್ಟ. 2023ರ ಆ ವರದಿಯ ಲೆಕ್ಕ ಹೀಗಿದೆ. ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರ್ತಿ ಮಾಡಿದ್ದು 112. ಅವಧಿ ಮುಗಿದ ಮೇಲೂ, 2023ರ ಮಾರ್ಚ್‌ವರೆಗೆ ಉಳಿದದ್ದು 54. "ನೋಡು, ದುಡ್ಡು ನೀರಿಗೆ ಹಾಕಿದ ಹಾಗೆ" ಅಂದ. ಅದೇ ಲೆಕ್ಕ ನನಗೆ ಬೇರೆಯೇ ಹೇಳುತ್ತದೆ. ಅರ್ಧಕ್ಕಿಂತ ಜಾಸ್ತಿ ಕಡೆ ವಿಮಾನ ಹಾರಲೇ ಇಲ್ಲ. ಹಾರದ ವಿಮಾನಕ್ಕೆ ಜನ ಬರಲಿಲ್ಲ ಎಂದು ಜನರನ್ನು ದೂರುವುದು ಯಾವ ನ್ಯಾಯ?

ನಾನು ಸಣ್ಣ ವಿಮಾನ ಕಂಡದ್ದು ಬರೀ ಫೋಟೋದಲ್ಲಿ ಅಲ್ಲ. ಅಕ್ಕನ ಮಗಳು ಆಸ್ಟ್ರೇಲಿಯಾದ ವಾಗ ವಾಗ ಎಂಬ ಊರಿನಲ್ಲಿ ಡಾಕ್ಟರ್ ಆಗಿದ್ದಾಗ ಹೋಗಿದ್ದೆನಲ್ಲ, ಆಗ ಸಿಡ್ನಿಯಿಂದ ರೆಕ್ಸ್ ಕಂಪನಿಯ ಸಾಬ್ 340 ಹತ್ತಿದೆ. ಎರಡು ಪ್ರೊಪೆಲ್ಲರ್, ಮೂವತ್ತನಾಲ್ಕು ಸೀಟು. ಒಂದು ಬದಿಗೆ ಒಂಟಿ ಸೀಟು, ಇನ್ನೊಂದು ಬದಿಗೆ ಎರಡೆರಡು. ಇಡೀ ವಿಮಾನಕ್ಕೆ ಒಬ್ಬಳೇ ಗಗನಸಖಿ. ಅರ್ಧದಷ್ಟು ಜನರ ಹೆಸರು ಅವಳಿಗೆ ಗೊತ್ತಿತ್ತು. ನನ್ನ ಹಿಂದೆ ಕೂತಿದ್ದ ಅಜ್ಜಿ ಸಿಡ್ನಿಗೆ ಕಣ್ಣಿನ ಡಾಕ್ಟರನ್ನು ಕಾಣಲಿಕ್ಕೆ ಹೋಗಿ ಅದೇ ದಿನ ವಾಪಸ್ ಬರುತ್ತಿದ್ದರು. ನನಗೆ ನಮ್ಮ ಹೆಬ್ರಿ ಬಸ್ಸಿನಲ್ಲಿ ಕೂತ ಹಾಗೇ ಅನಿಸಿತು. ಕಣ್ಣು ತುಂಬಿ ಬಂತು.

ಆ ಕಂಪನಿಯ ಕಥೆಯನ್ನೂ ಹೇಳಬೇಕು. ಆನ್‌ಸೆಟ್ ಎಂಬ ದೊಡ್ಡ ಕಂಪನಿ 2001ರಲ್ಲಿ ಮುಳುಗಿದ ಮೇಲೆ, ಅದರ ಕೆಳಗಿದ್ದ ಎರಡು ಸಣ್ಣ ಕಂಪನಿಗಳನ್ನು ಸೇರಿಸಿ 2002ರಲ್ಲಿ ರೆಕ್ಸ್ ಮಾಡಿದರು. ಹಳ್ಳಿ ಪಟ್ಟಣಗಳಿಗೆ ಸಾಬ್ ವಿಮಾನ ಬಿಟ್ಟುಕೊಂಡು ಎಷ್ಟೋ ವರ್ಷ ನಡೆಯಿತು. 2021ರಲ್ಲಿ ಬೋಯಿಂಗ್ 737 ತಂದು ದೊಡ್ಡ ನಗರಗಳ ನಡುವೆ ಓಡಿಸಲು ಹೋದರು. 2024ರ ಜುಲೈಯಲ್ಲಿ ಕಂಪನಿ ನಷ್ಟದಲ್ಲಿ ಮುಳುಗಿ ಹೊರಗಿನ ಆಡಳಿತಗಾರರ ಕೈಗೆ ಹೋಯಿತು. ಬೋಯಿಂಗ್‌ಗಳು ನಿಂತವು. ಸಾಬ್‌ಗಳು ಹಾರುತ್ತಲೇ ಇದ್ದವು. ಹಳ್ಳಿ ಊರುಗಳ ವಿಮಾನ ನಿಲ್ಲಬಾರದು ಎಂದು ಅಲ್ಲಿನ ಸರ್ಕಾರ ಸಾಲ ಕೊಟ್ಟಿತು.

ಅಮೆರಿಕದಲ್ಲಿ 1978ರಿಂದಲೇ ಸಣ್ಣ ಊರುಗಳ ವಿಮಾನಕ್ಕೆ ಸರ್ಕಾರ ದುಡ್ಡು ಕೊಡುತ್ತಿದೆ. ನಾರ್ವೆಯಲ್ಲಿ ಸಣ್ಣ ಸಣ್ಣ ರನ್‌ವೇಗಳಿಗೆ ವಿಡರೋ ಕಂಪನಿ ಹಾರುತ್ತದೆ, ಎಷ್ಟೋ ಮಾರ್ಗಗಳಲ್ಲಿ ಸರ್ಕಾರವೇ ಟೆಂಡರ್ ಕರೆದು ಆ ಸೇವೆ ಕೊಳ್ಳುತ್ತದೆ. ಸ್ಕಾಟ್ಲೆಂಡಿನಲ್ಲಿ ವೆಸ್ಟ್ರೇ ಎಂಬ ದ್ವೀಪದಿಂದ ಪಾಪಾ ವೆಸ್ಟ್ರೇಗೆ ಎರಡು ನಿಮಿಷದ ವಿಮಾನ ಇದೆ. ಎರಡು ನಿಮಿಷ! ಅಲ್ಲಿ ಯಾರೂ ಮರ್ಲು ಅನ್ನುವುದಿಲ್ಲ.

ದ್ವೀಪ ಅಂದಾಗ ನೆನಪಾಯಿತು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೇ ಬಂದರಿನಿಂದ ಇವತ್ತಿಗೂ ಆ ಕಡೆಗೆ ಮಂಜಿ ಎಂಬ ಸರಕಿನ ಹಡಗಿನಲ್ಲಿ ಸಾಮಾನು ಹೋಗುತ್ತದೆ. ಅಗತ್ತಿಯ ವಿಮಾನ ನಿಲ್ದಾಣ ಬಜಪೆಯಿಂದ ನೇರ ದಾರಿಯಲ್ಲಿ 400 ಕಿಲೋಮೀಟರಿನ ಒಳಗೇ ಇದೆ. ಕೊಚ್ಚಿಗಿಂತ ನಾವೇ ಹತ್ತಿರ. ನಕ್ಷೆ ತೆಗೆದು ಅಳೆದು ನೋಡಿ.

ಇನ್ನೊಂದು ಮಾತು ಬರುತ್ತದೆ, ಭಯದ ಮಾತು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2010ರ ಮೇ 22ರ ಬೆಳಿಗ್ಗೆ ನಮ್ಮ ಬಜಪೆಯಲ್ಲಿ ವಿಮಾನ ಅಪಘಾತವಾಗಿ 158 ಜನ ಹೋದರು. ಆ ದಿನ ಅಳದ ಮನೆ ಈ ಕರಾವಳಿಯಲ್ಲಿ ಕಡಿಮೆ. ಆದರೆ ಅದು ದುಬೈಯಿಂದ ಬಂದ ದೊಡ್ಡ ಜೆಟ್. ಸಣ್ಣ ಪ್ರೊಪೆಲ್ಲರ್ ವಿಮಾನ ನಿಧಾನವಾಗಿ ಇಳಿಯುತ್ತದೆ, ಕಡಿಮೆ ರನ್‌ವೇಯಲ್ಲಿ ನಿಲ್ಲುತ್ತದೆ. ಮಳೆಗಾಲದ ಮೋಡಕ್ಕೆ ಜಾಸ್ತಿ ಅಲುಗಾಡುತ್ತದೆ, ಹೌದು. ಹವೆ ಕೆಟ್ಟ ದಿನ ಹಾರಬೇಡಿ. ಶಿರಾಡಿಯಲ್ಲಿ ಗುಡ್ಡ ಜರಿದಾಗ ಬಸ್ಸೂ ನಿಲ್ಲುತ್ತದಲ್ಲ? ಹಾಗಂತ ಬಸ್ಸೇ ಬೇಡ ಅನ್ನುತ್ತೇವಾ?

1951ರ ಡಿಸೆಂಬರ್ 25ರಂದು ನಮ್ಮ ಬಜಪೆ ನಿಲ್ದಾಣ ಶುರುವಾದಾಗ ನೆಹರೂ ಬಂದಿಳಿದದ್ದು ಡಕೋಟಾದಲ್ಲಿ. ಅದೂ ಎರಡು ಪ್ರೊಪೆಲ್ಲರಿನ ಸಣ್ಣ ವಿಮಾನವೇ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ್ದು ಕೂಡ 48 ಸೀಟಿನ ಎಟಿಆರ್ ಪ್ರೊಪೆಲ್ಲರ್ ವಿಮಾನದಲ್ಲಿ. ಡಾರ್ನಿಯರನ್ನು ನಮ್ಮದೇ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಅಂಥ 17 ಸೀಟಿನ ವಿಮಾನ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಪ್ರಯಾಣಿಕರನ್ನು ಕರೆದುಕೊಂಡು ಹೋಯಿತು. ಎಂತ ಇಲ್ಲ ನಮ್ಮಲ್ಲಿ? ವಿಮಾನ ಇದೆ, ರನ್‌ವೇ ಇದೆ, ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ 80 ಸೀಟಿಗಿಂತ ಕಡಿಮೆ ಇರುವ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕವೂ ಇಲ್ಲ. ಇಲ್ಲದ್ದು ಒಂದೇ, ಟೈಮಿಂಗ್.

ನಾನು ಕೇಳುವುದು ದೊಡ್ಡದಲ್ಲ. ಬಜಪೆ, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ. ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್. ಅದೇ ಸಮಯ, ಹತ್ತು ವರ್ಷ. ಪ್ರತಿ ಟ್ರಿಪ್ಪಿನಲ್ಲಿ ಮೂರ್ನಾಲ್ಕು ಸೀಟನ್ನು ಸರ್ಕಾರವೇ ಕೊಂಡು, ಆಸ್ಪತ್ರೆಯಿಂದ ಮನೆಗೆ ಹೋಗುವವರಿಗೆ ಇಡಲಿ. ಮಣಿಪಾಲಕ್ಕೆ, ಮಂಗಳೂರಿಗೆ ಉತ್ತರದ ಕಡೆಯಿಂದ ಎಷ್ಟು ಜನ ಬರುತ್ತಾರೆ ಎಂದು ಯಾವ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತರೂ ಗೊತ್ತಾಗುತ್ತದೆ. ಟ್ರಿಪ್ ತಪ್ಪಿಸಿದ ಕಂಪನಿಗೆ ದಂಡ ಹಾಕಿ, ಬಸ್ಸಿನ ಪರ್ಮಿಟ್‌ನ ಹಾಗೆ. ಮೊದಲ ವರ್ಷ ಸೀಟು ಖಾಲಿ ಇರುತ್ತದೆ. ಇರಲಿ. ಎರಡನೇ ವರ್ಷ ನಾನೇ ಹತ್ತು ಜನರನ್ನು ಕರೆದುಕೊಂಡು ಬಂದು ಹತ್ತುತ್ತೇನೆ.

ತಮ್ಮಾ, ನೀನು ಇದನ್ನು ಓದುತ್ತಿ ಎಂದು ಗೊತ್ತು. ಸಿಟ್ಟು ಮಾಡ್ಬೇಡ. ಆದರೆ ಆ ನಗು ಇನ್ನೊಮ್ಮೆ ನನ್ನ ಮುಂದೆ ಬೇಡ.

ಇಷ್ಟು ಬರೆಯುವಾಗ ಫೋನ್ ಬಂತು. ಅಜ್ಜನ ಮಗಳು. ಗಂಟೆ ಏಳು.

"ಅಕ್ಕಾರ, ಈಗ ಸಿಂದಗಿ ದಾಟಿದ್ವಿ ನೋಡ್ರಿ. ಅಪ್ಪ ರಾತ್ರಿಯೆಲ್ಲಾ ನಿಮ್ಮ ದಿಂಬು ಹೊಟ್ಟಿಗೆ ಹಿಡ್ಕೊಂಡೇ ಕುಂತಾನ್ರಿ. ಇನ್ನಾ ಎರಡು ತಾಸ್ ಅದ."